ಪೋರ್ಟೋದಲ್ಲಿ ಲೋಕಲ್, ತಡವಳದಲ್ಲಿ ನೆಂಟ

‘ದರ್ಶನಕ್ಕೆ ಬಂದಿರಾ ಸಾಹೇಬ್?’

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಬಸ್ಸಿಳಿದು ಚೀಲ ಹೆಗಲಿಗೇರಿಸುವಷ್ಟರಲ್ಲಿ ರಿಕ್ಷಾದವರೊಬ್ಬರು ಮರಾಠಿಯಲ್ಲಿ ಕೇಳಿದರು. ಇಲ್ಲ ಅಂದೆ, ನಾನೂ ಮರಾಠಿಯಲ್ಲೇ. ಅವರು ಬಿಡಲಿಲ್ಲ. ದರ್ಶನ, ಪ್ರಸಾದ, ವಾಪಸ್ ಸ್ಟ್ಯಾಂಡಿಗೆ, ಎಲ್ಲಕ್ಕೂ ಸೇರಿ ಒಂದೇ ರೇಟು ಅಂದರು. ತಡವಳಕ್ಕೆ ಹೋಗಬೇಕು, ಅಲ್ಲಿ ನನ್ನ ತಂಗಿ ಇದ್ದಾಳೆ ಅಂದಾಗ ನನ್ನನ್ನು ಬೂಟಿನಿಂದ ಟೋಪಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಪಕ್ಕದ ರಿಕ್ಷಾದವರಿಗೆ ಕನ್ನಡದಲ್ಲಿ ಹೇಳಿದರು: ‘ಪರದೇಸದಿಂದ ಬಂದಂಗ ಕಾಣ್ತಾರ.’

ಬೇರೆ ದಿನವಾಗಿದ್ದರೆ ನಕ್ಕು, ಅದನ್ನೇ ಒಂದು ಅಂಕಣ ಮಾಡುತ್ತಿದ್ದೆ. ಕಳೆದ ಬುಧವಾರ ನಗುವ ಹಾಗಿರಲಿಲ್ಲ. ನಾನು ಹೊರಟಿದ್ದದ್ದು ತಂಗಿಯ ಗಂಡನ ಮಣ್ಣಿಗೆ.

ಪೋರ್ಟೋದಲ್ಲಿ ಒಮ್ಮೆ ಅಲ್ಲಿನ ಹಿರಿಯರೊಬ್ಬರು ನನ್ನನ್ನೇ ನಿಲ್ಲಿಸಿ ದಾರಿ ಕೇಳಿದ್ದರು. (ಈ ಕತೆಯನ್ನು ಇಲ್ಲಿ ಮೂರು ಸಲ ಹೇಳಿದ್ದೇನೆ. ಓದುಗರೊಬ್ಬರು ‘ಇನ್ನ ಸಾಕ್ರಿ ಸರ’ ಅಂತ ಪತ್ರವನ್ನೂ ಬರೆದರು.) ಹೆಂಡತಿ ವೀಣಾಳ ಕೆಲಸದ ನೆಪದಲ್ಲಿ ಪೋರ್ಚುಗಲ್ಲಿನ ಆ ಊರಿನಲ್ಲಿ ಎರಡು ವರ್ಷ ಇದ್ದೆವು. ಹೋದ ದಿನವೇ ನಾನು ಶಪಥ ಮಾಡಿದ್ದೆ. ಟೂರಿಸ್ಟ್ ಆಗಿ ಇರೋದಿಲ್ಲ, ಲೋಕಲ್ ಆಗಿ ಇರ್ತೀನಿ ಅಂತ. ಕಾಫಿಯನ್ನು ನಿಂತೇ ಕುಡಿಯೋದು, ಬ್ರೆಡ್ಡನ್ನು ಮೂಲೆಯ ಅಂಗಡಿಯಲ್ಲೇ ಕೊಳ್ಳೋದು, ಪಕ್ಕದ ಮನೆಯವರ ಹೆಸರು ಹಿಡಿದು ನಮಸ್ಕಾರ ಹೇಳೋದು. ಒಂದೊಂದನ್ನೂ ಕಲಿತೆ. ಕಲಿತದ್ದನ್ನೆಲ್ಲ ನಿಮಗೆ ಬರೆದೆ.

ನಮ್ಮ ಕೆಳಗಿನ ಮನೆಯ ಲುರ್ದೆಸ್ ಅಜ್ಜಿಯ ಗಂಡ ತೀರಿಕೊಂಡಾಗ ಏನು ಮಾಡಿದೆ ಅಂತ ನೆನಪಿದೆಯಾ? ಬ್ರೆಡ್ಡಿನ ಅಂಗಡಿಯಾಕೆಯನ್ನು ಕೇಳಿದೆ. ಏನು ಉಡಬೇಕು, ಏನು ಒಯ್ಯಬೇಕು, ಏನು ಹೇಳಬೇಕು, ಎಷ್ಟು ಹೊತ್ತು ಕೂರಬೇಕು. ಸಾವಿನ ಮನೆಯಲ್ಲಿ ಹೇಳುವ ಆ ಎರಡು ಮಾತನ್ನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದೆ. ದೊಡ್ಡ ಪಾತ್ರೆಯಲ್ಲಿ ಸೊಪ್ಪಿನ ಸೂಪು ಮಾಡಿಸಿಕೊಂಡು ನಾಲ್ಕು ಮೆಟ್ಟಿಲು ಇಳಿದೆ. ಅಜ್ಜಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ‘ನೀನು ಈಗ ಈ ಓಣಿಯವನು’ ಅಂದರು. ಆ ಅಂಕಣಕ್ಕೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ.

ಈಗ ಬುಧವಾರದ ಕತೆ ಕೇಳಿ.

ಬೆಳಿಗ್ಗೆ ಆರಕ್ಕೆ ಪುಣೆಯ ನಮ್ಮ ಮನೆಗೆ ಫೋನು ಬಂತು. ತಂಗಿ ಶಕುಂತಲಾಳ ಗಂಡ ಮಲ್ಲಿನಾಥ ಹೊಲಕ್ಕೆ ಹೊರಟವನು ಅಂಗಳದಲ್ಲೇ ಕುಸಿದಿದ್ದ. ಎದೆ ಹಿಡಿದುಕೊಂಡನಂತೆ, ಅಷ್ಟೇ. ಐವತ್ತಾರು ವರ್ಷ. ನಾನು ಬರುವವರೆಗೆ ಮಣ್ಣು ಮಾಡೋದಿಲ್ಲ ಅಂದರು. ವೀಣಾ ಊರಲ್ಲಿರಲಿಲ್ಲ. ಕೈಗೆ ಸಿಕ್ಕ ಬಟ್ಟೆಯನ್ನು ಚೀಲಕ್ಕೆ ತುರುಕಿ, ಸಿಕ್ಕ ರೈಲು ಹತ್ತಿದೆ.

ಸೋಲಾಪುರದಲ್ಲಿ ಬಸ್ಸಿಗೆ ನಲವತ್ತು ನಿಮಿಷ ಕಾಯಬೇಕಾಯಿತು. ಸ್ಟ್ಯಾಂಡಿನ ಎದುರು ಸಾಲಾಗಿ ಅಂಗಡಿ. ಕಟಕಟ ಮುರಿಯುವ ಕಡಕ್ ರೊಟ್ಟಿಯ ಕಟ್ಟುಗಳು, ಶೇಂಗಾ ಚಟ್ನಿಯ ಪ್ಯಾಕೆಟ್ಟುಗಳು. ನಾನು ಹುಟ್ಟಿ ಬೆಳೆದ ಊರು. ಅಪ್ಪ ಅವ್ವ ಹೋಗಿ ವರ್ಷಗಳಾದವು, ಬಾಡಿಗೆ ಮನೆ ಬಿಟ್ಟೂ ಆಯಿತು. ಈಗ ಸೋಲಾಪುರ ಅಂದರೆ ನನಗೆ ಬಸ್ಸು ಬದಲಿಸುವ ಜಾಗ. ಮುಂದಿನ ವಾರ ವೀಣಾಳ ಗೆಳತಿಯೊಬ್ಬಳು ಪೋರ್ಟೋದಿಂದ ಬರುವವಳಿದ್ದಾಳೆ, ಅವಳಿಗೆ ಇಲ್ಲಿನ ಅಸಲಿ ರುಚಿ ತೋರಿಸೋಣ ಅಂತ ಎರಡು ಪ್ಯಾಕೆಟ್ ಚಟ್ನಿ ಕೊಂಡೆ. ಹೌದು, ಸಾವಿಗೆ ಹೊರಟವನು. ನಗಬೇಡಿ, ಬೈಯಿರಿ.

ತಡವಳ ಮುಟ್ಟಿದಾಗ ಮೂರೂವರೆ. ಅಂಗಳದ ತುಂಬ ಜನ. ಎಲ್ಲರೂ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ಯಾರೋ ಓಡಿ ಪ್ಲಾಸ್ಟಿಕ್ ಖುರ್ಚಿ ತಂದರು, ಇನ್ನೊಬ್ಬರು ಬಾಟಲಿ ನೀರು ಹುಡುಕಿದರು. ‘ಪಾವಣ್ಯಾರು ಬಂದ್ರು, ಜಾಗಾ ಬಿಡ್ರಿ’ ಅಂದರು. ಪಾವಣ್ಯಾರು ಅಂದರೆ ನೆಂಟರು, ಬಂದು ಹೋಗುವವರು. ನಾನು ಆ ಖುರ್ಚಿಯ ಮೇಲೆ ಕೂತೆ. ಕೂರಬಾರದು ಅಂತ ಹೊಳೆಯಲೇ ಇಲ್ಲ.

ಶಕ್ಕು ಒಳಗೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಿ ‘ಅಣ್ಣಾ’ ಅಂದಳು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಅಂದು ಹತ್ತು ವರ್ಷಕ್ಕೆ ದೊಡ್ಡವಳಂತೆ ಕಂಡಳು. ಅವಳಿಗೆ ಹೇಳುವ ಮಾತು ಕನ್ನಡದಲ್ಲಿ ಹೊಳೆಯಲಿಲ್ಲ. ಪೋರ್ಚುಗೀಸಿನಲ್ಲಿ ಬರುತ್ತಿತ್ತೇನೋ.

ಐದಕ್ಕೆ ಹೊಲದಲ್ಲಿ ಮಣ್ಣಾಯಿತು. ವಾಪಸು ಬಂದು ಎಲ್ಲರೂ ಸ್ನಾನ ಮಾಡಿದರು. ಮಲ್ಲಿನಾಥನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ನಾನು ಒಳಗೆ ಅದೇ ಖುರ್ಚಿಯಲ್ಲಿ ಕೂತು, ಒದ್ದೆ ತಲೆ ಒರೆಸಿಕೊಳ್ಳುತ್ತ ನಾಳೆ ಎಷ್ಟು ಗಂಟೆಗೆ ಬಸ್ಸಿದೆ ಅಂತ ಮೊಬೈಲಿನಲ್ಲಿ ನೋಡುತ್ತಿದ್ದೆ. ಆಗ ಶಕ್ಕುವಿನ ಅತ್ತೆ, ಎಂಬತ್ತು ದಾಟಿದ ನಾಗವ್ವ, ಮಗನನ್ನು ಕಳೆದುಕೊಂಡ ಆ ಹೆಂಗಸು, ಮೂಲೆಯಿಂದ ನನ್ನನ್ನು ಕೇಳಿದರು.

‘ಬೀಗರ, ಬುತ್ತಿ ಯಾರ ಕಡೆ ಕೊಟ್ರಿ?’

ತಂದಿದ್ದೀರಾ ಅಂತ ಕೇಳಲಿಲ್ಲ ನೋಡಿ. ಯಾರ ಕೈಗೆ ಕೊಟ್ಟಿರಿ ಅಂತ ಕೇಳಿದರು. ತರದೆ ಇರಬಹುದು ಅನ್ನುವ ಯೋಚನೆಯೇ ಅವರಿಗೆ ಇರಲಿಲ್ಲ.

ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಮನೆತನಗಳಲ್ಲಿ ಸಾವಾದ ದಿನ ಒಲೆ ಹಚ್ಚೋದಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಬಾಯಿಗೆ ಬೀಳುವ ಮೊದಲ ತುತ್ತು ತವರಿನಿಂದ ಬರಬೇಕು. ರೊಟ್ಟಿ, ಕಡಲೆಹಿಟ್ಟಿನ ಜುಣಕ, ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಕಡೂ ಘಾಸ್ ಅನ್ನುತ್ತಾರೆ, ಕಹಿ ತುತ್ತು. ಅದು ಬರುವವರೆಗೆ ಅವಳು ಚಹಾ ಕೂಡ ಮುಟ್ಟುವುದಿಲ್ಲ. ಅದು ಬಂತು ಅಂದರೆ, ಇವಳ ಹಿಂದೆ ಇನ್ನೂ ಒಂದು ಮನೆ ಇದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಬರಲಿಲ್ಲ ಅಂದರೆ? ‘ಅಕಿ ತವರ ಮುಚ್ಚೇತಿ’ ಅನ್ನುತ್ತಾರೆ. ಗಂಡ ಸತ್ತ ದಿನವೇ ಆ ಮಾತನ್ನೂ ಕೇಳಬೇಕು. ಮುಂದೆ ಹೊಲದ ಮಾತು, ಪಾಲಿನ ಮಾತು ಬಂದಾಗ ಮೈದುನರು ಅವಳ ಜತೆ ಹೇಗೆ ಮಾತಾಡುತ್ತಾರೆ ಅನ್ನೋದೂ ಎಷ್ಟೋ ಮಟ್ಟಿಗೆ ಇದರ ಮೇಲಿರುತ್ತದೆ.

ನನಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. ನಮ್ಮ ಸೋದರತ್ತೆಗೆ ಹೀಗಾದಾಗ ಅವ್ವ ಅಳುತ್ತಲೇ ನಲವತ್ತು ರೊಟ್ಟಿ ಬಡಿದದ್ದನ್ನು ಒಲೆಯ ಪಕ್ಕ ಕೂತು ನೋಡಿದ್ದೇನೆ. ಆ ಬುತ್ತಿಯನ್ನು ಹೊತ್ತುಕೊಂಡು ಅಪ್ಪನ ಜತೆ ನಡೆದವನೂ ನಾನೇ. ನೆನಪಾಗಲಿಲ್ಲ, ಅಷ್ಟೇ. ಪೋರ್ಟೋದಲ್ಲಿ ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಂಡೆ. ಇಲ್ಲಿ ಯಾರನ್ನೂ ಕೇಳಲಿಲ್ಲ, ನನ್ನೂರು ನನಗೆ ಗೊತ್ತಿಲ್ಲವಾ ಅನ್ನುವ ಸೊಕ್ಕು.

ಶಕ್ಕುವಿನ ಮಗಳು ಸವಿತಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ‘ಮಾಮಾ, ಬ್ಯಾಗನ್ಯಾಗ ಐತೇನ್ರಿ? ಅವ್ವಾ ಮುಂಜಾನಿಂದ ನೀರ ಸುದ್ದಾ ಕುಡದಿಲ್ಲ.’ ನಾನು ಉತ್ತರ ಕೊಡುವ ಮೊದಲೇ ಚೀಲದ ಜಿಪ್ ಎಳೆದಳು. ಒಂದು ಶರ್ಟು, ಚಾರ್ಜರು, ಎರಡು ಪ್ಯಾಕೆಟ್ ಚಟ್ನಿ. ಅವಳು ಚಟ್ನಿಯನ್ನು ಸರಿಸಿ ಕೆಳಗೆ ಕೈಯಾಡಿಸಿದಳು. ಆಮೇಲೆ ಜಿಪ್ ಹಾಕಿ, ನನ್ನ ಮುಖ ನೋಡದೆ, ತಾಯಿಯ ಕಡೆ ನೋಡಿದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೋಣೆಯಲ್ಲಿ ಇಪ್ಪತ್ತು ಹೆಂಗಸರಿದ್ದರು, ಎಲ್ಲರೂ ಕಾಯುತ್ತಿದ್ದರು.

ಆಗ, ‘ಅಣ್ಣಾ’ ಅಂದದ್ದು ಬಿಟ್ಟರೆ ಏನೂ ಮಾತಾಡದ ಶಕ್ಕು ಮಾತಾಡಿದಳು. ‘ಅಣ್ಣಾ ತಂದಾನ್ರಿ ಅತ್ತಿ. ಕಾಶೀಬಾಯಿ ಮನ್ಯಾಗ ಇಟ್ಟಾನ. ಇಲ್ಲೆ ಗದ್ದಲ ಇತ್ತಲ್ಲ, ಅದಕ್ಕ.’

ಪಕ್ಕದ ಮನೆಯ ಕಾಶೀಬಾಯಿ ಬಾಗಿಲ ಬಳಿ ಕೂತಿದ್ದರು. ಅವರನ್ನು ನಾನು ಅದೇ ದಿನ ಮೊದಲ ಸಲ ನೋಡಿದ್ದು. ಒಂದು ಗಳಿಗೆ ಶಕ್ಕುವಿನ ಮುಖ ನೋಡಿದರು. ‘ಹೌದ್ರಿ, ನನ್ನ ಕಡೇನ ಐತಿ, ತರ್ತೀನಿ’ ಅಂತ ಸೆರಗು ಸರಿಮಾಡಿಕೊಂಡು ಎದ್ದರು.

ಅರ್ಧ ಗಂಟೆ ಆಯಿತು. ಬುತ್ತಿ ತರಲು ಪಕ್ಕದ ಮನೆಗೆ ಅರ್ಧ ಗಂಟೆಯಾ? ಯಾರೂ ಕೇಳಲಿಲ್ಲ. ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದು ಸಣ್ಣಗೆ ಬರುತ್ತಿತ್ತು. ಅದನ್ನು ಮುಚ್ಚಲಿಕ್ಕೋ ಏನೋ ಒಬ್ಬ ಹೆಂಗಸು ಜೋರಾಗಿ ಕೆಮ್ಮಿದಳು, ಇನ್ನೊಬ್ಬಳು ಮಲ್ಲಿನಾಥನ ಗುಣ ಹೇಳಿ ಅಳಲು ಶುರು ಮಾಡಿದಳು. ನಾನು ಖುರ್ಚಿ ಬಿಟ್ಟು ನೆಲದ ಮೇಲೆ ಕೂತೆ. (ಅದೂ ತಡವಾಯಿತು.)

ಕಾಶೀಬಾಯಿ ಬಟ್ಟೆಯ ಗಂಟನ್ನು ತಂದು ನನ್ನ ಕೈಗೆ ಕೊಟ್ಟರು. ನಾನೇ ಬಿಚ್ಚಬೇಕು, ಅಣ್ಣನಾದವನು. ಬಿಚ್ಚಿದೆ. ತುತ್ತು ಮುರಿದು ತಂಗಿಯ ಬಾಯಿಗಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ನುಂಗಿದಳು. ಪಕ್ಕದಲ್ಲಿ ಕೂತಿದ್ದ ನಾಗವ್ವನ ಕೈಗೂ ಅರ್ಧ ರೊಟ್ಟಿ ಕೊಟ್ಟೆ. ಆಕೆ ಅದನ್ನು ಬಾಯಿಗೆ ಹಾಕಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಬೆರಳಿನಿಂದ ಮುಟ್ಟಿ ನೋಡಿದರು.

‘ಸೋಲಾಪುರದಿಂದ ಇನ್ನೂ ಬಿಸಿ ಬಿಸಿ ಬಂದಾವ ನೋಡವಾ ರೊಟ್ಟಿ’ ಅಂದರು.

ಚುಚ್ಚಿದ್ದೋ, ವಯಸ್ಸಾದವರ ಮುಗ್ಧತೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಯಾರೂ ನಗಲಿಲ್ಲ. ಇಪ್ಪತ್ತು ಹೆಂಗಸರು ತಲೆ ತಗ್ಗಿಸಿಕೊಂಡು ಕೂತರು. ಒಂದು ಇಡೀ ಊರು ನನ್ನ ತಂಗಿಯ ಸುಳ್ಳನ್ನು ಕಾಪಾಡಿತು. ನನ್ನ ಮಾನಕ್ಕಾಗಿ ಅಲ್ಲ, ಅವಳ ತವರಿನ ಮಾನಕ್ಕಾಗಿ. ಆ ತವರು ಅಂದರೆ ಈಗ ನಾನೊಬ್ಬನೇ, ಅದೂ ಕೈ ಬೀಸಿಕೊಂಡು ಬಂದವನು.

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಅಂತ ವೀಣಾ ನನ್ನನ್ನು ಆಗಾಗ ಛೇಡಿಸುತ್ತಾಳೆ. ತಮಾಷೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಶಕ್ಕು ಒಬ್ಬಳೇ ಇದ್ದಾಗ ಪಕ್ಕದಲ್ಲಿ ಹೋಗಿ ಕೂತೆ. ‘ಶಕ್ಕು, ತಪ್ಪಾತು’ ಅಂದೆ. ಎಷ್ಟೋ ವರ್ಷದ ಮೇಲೆ ಅವಳ ಜತೆ ನಮ್ಮ ಮನೆಯ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು.

‘ಇರಲಿ ಬಿಡು’ ಅಂದಳು. ಆಮೇಲೆ ತಾನೇ ಹೇಳಿದಳು. ‘ನನಗ ಕನ್ನಡ ಓದಾಕ ಬರೂದಿಲ್ಲಂತ ಗೊತ್ತೈತೆಲ್ಲ ನಿನಗ.’

ಗೊತ್ತಿತ್ತು. ಅಪ್ಪ ನನ್ನನ್ನು ಕನ್ನಡ ಸಾಲೆಗೆ ಹಾಕಿದ್ದರು, ಅವಳನ್ನು ಮನೆಯ ಹತ್ತಿರದ ಮರಾಠಿ ಸಾಲೆಗೆ. (ಸೋಲಾಪುರದ ಮನೆಗಳಲ್ಲಿ ಇದೇನು ವಿಶೇಷವಲ್ಲ.)

‘ನೀ ಬರದದ್ದನ್ನ ಇವ್ರ ಓದಿ ಹೇಳ್ತಿದ್ರು. ವಾರಾ ವಾರಾ, ಮೊಬೈಲನ್ಯಾಗ. ಆ ಪರದೇಸದ ಅಜ್ಜಿ ಮನಿಗೆ ನೀ ಸೂಪ ಒಯ್ದಿದ್ದು ಓದಿದಾಗ ನಾ ಅತ್ತಿ ಮುಂದ ಹೇಳಿದ್ದೆ, ಎಲ್ಲೆ ಹೋದರೂ ಅಲ್ಲೀ ರೀತಿ ನಮ್ಮ ಅಣ್ಣಗ ಬರೋಬ್ಬರಿ ಗೊತ್ತಿರ್ತೈತಿ ಅಂತ.’

ಮಲ್ಲಿನಾಥ ನನ್ನ ಅಂಕಣ ಓದುತ್ತಿದ್ದ ಅನ್ನೋದೇ ನನಗೆ ಗೊತ್ತಿರಲಿಲ್ಲ. ಒಂದು ದಿನವೂ ಫೋನು ಮಾಡಿ ಹೇಳಿದವನಲ್ಲ. ಪೋರ್ಟೋದಿಂದ ಬಂದು ಒಂದೂವರೆ ವರ್ಷವಾಯಿತು, ನಾನೂ ಅವನಿಗೆ ಫೋನು ಮಾಡಿದವನಲ್ಲ. ತಡವಳಕ್ಕೆ ಒಮ್ಮೆ ಹೋಗಿದ್ದೆ, ಮಧ್ಯಾಹ್ನ ಉಂಡು ಸಂಜೆ ಬಸ್ಸಿಗೆ ವಾಪಸು. ಅವನ ಹೊಲ ಎಲ್ಲಿದೆ ಅಂತ ನೋಡಿದ್ದು ಅವನನ್ನು ಮಣ್ಣಿಗಿಟ್ಟಾಗ.

ಅಷ್ಟರಲ್ಲಿ ಸವಿತಾ ಬಂದು, ಅಕ್ಕಲಕೋಟದ ಬಸ್ಸಿಗೆ ಬಿಡಲು ಮೋಟರ್‌ಸೈಕಲ್ ಬಂದಿದೆ ಅಂದಳು. ನಾನು ಎದ್ದೆ. ಶಕ್ಕು ಏಳಲಿಲ್ಲ. ಮೂರನೆಯ ದಿನದ ಕಾರ್ಯ ಮರುದಿನ ಇತ್ತು. ತವರಿನವರು ಇರಬೇಕಾದ ದಿನ ಅದು. ಇರು ಅಂತ ಅವಳು ಒತ್ತಾಯ ಮಾಡಲಿಲ್ಲ, ನೆಲ ನೋಡುತ್ತ ಕೇಳಿದಳು, ಅಷ್ಟೇ.

‘ಅಲ್ಲೆ ಎರಡ ವರ್ಷ ಇದ್ದಿ, ಅಣ್ಣಾ. ಇಲ್ಲೆ ಎರಡ ದಿನಾ ಇರಾಕ ಆಗೂದಿಲ್ಲೇನು?’

ಈ ಅಂಕಣ ಬರೆದು ಕಳಿಸೋದಿತ್ತು ನೋಡಿ, ಬಂದುಬಿಟ್ಟೆ.