ಚಂದ್ರಭಾಗಾ ಹೇಳದೆ ಇಟ್ಟ ಮಾತು

ಮರಿ ಸತ್ತಾಗಲೆಲ್ಲ ಚಂದ್ರಭಾಗಾ ಮೊದಲು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

ಅದು ೨೦೧೬ರ ಬೇಸಿಗೆ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಔರಾದ ತಾಲೂಕಿನ ಚಿಂತಾಕಿಯ ಸುತ್ತ ಹೊಲಗಳಲ್ಲಿ ಒಣಗಿದ ತೊಗರಿ ಕಟ್ಟಿಗೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಮಗ ಸೊಸೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಮನೆಯಲ್ಲಿ ಅವಳು, ಗಂಡ ಹಣಮಂತಪ್ಪ, ದೊಡ್ಡಿಯಲ್ಲಿ ಕುರಿ. ಮೇವಿಲ್ಲದ ಕುರಿಗೆ ಹಾಲಿಳಿಯುವುದಿಲ್ಲ. ಹಾಲಿಲ್ಲದ ತಾಯಿ ಮರಿಯನ್ನು ಒದ್ದು ದೂಡುತ್ತದೆ. ಅಂಥ ಮರಿಗಳನ್ನು ಎತ್ತಿಕೊಂಡು, ಹಾಲಿರುವ ಬೇರೆ ಕುರಿಯ ಕಾಲು ಹಿಡಿದು ನಿಲ್ಲಿಸಿ ಕುಡಿಸುವುದು ಚಂದ್ರಭಾಗಾಳ ಕೆಲಸ. ಅದು ದೊಡ್ಡಿಯೊಳಗೆ ಹೋಗದೆ ಆಗುವ ಕೆಲಸವಲ್ಲ.

ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಹೊರಗಾದ ಹೆಂಗಸು ದೊಡ್ಡಿಗೆ ಕಾಲಿಡಬಾರದು, ಇಟ್ಟರೆ ಮರಿ ಉಳಿಯುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಅದನ್ನು ಮೀರಿರಲಿಲ್ಲ. ಐವತ್ತರ ಹತ್ತಿರ ಬರುತ್ತಿದ್ದಂತೆ ಮುಟ್ಟು ಹೊತ್ತುಗೊತ್ತಿಲ್ಲದೆ ಬರತೊಡಗಿ, ಕಡೆಗೆ ನಿಂತಿತು. ಕೊನೆಯ ಸಲ ಆದದ್ದು ಎಳ್ಳಮಾವಾಸ್ಯೆಯ ದಿನ. ಎಲ್ಲರೂ ಹಬ್ಬದ ಕಾಯಿಪಲ್ಲೆ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋದಾಗ ಅವಳೊಬ್ಬಳೇ ಮನೆಯಲ್ಲಿ ಕೂತಿದ್ದಳು. ಮರುವರ್ಷದ ಎಳ್ಳಮಾವಾಸ್ಯೆಗೆ ಅಂಬಲಿಯ ಗಡಿಗೆಯನ್ನು ತಾನೇ ಹೊತ್ತು ಹೋದಳು. ನಡುವೆ ಒಮ್ಮೆಯೂ ಆಗಿರಲಿಲ್ಲ. ಆಗಾಗ ಎದೆಯಿಂದ ಮುಖಕ್ಕೆ ಬೆಂಕಿಯೇರಿದಂತಾಗಿ ಬೆವರು ಸುರಿಯುತ್ತಿತ್ತು, ಆ ಬಿಸಿಲಿನಲ್ಲಿ ಯಾವುದು ಹೊರಗಿನ ಕಾವು, ಯಾವುದು ಒಳಗಿನದು ಎಂದು ತಿಳಿಯುತ್ತಿರಲಿಲ್ಲ. ಆದರೂ ಒಂದು ಕಾಟ ತಪ್ಪಿತಲ್ಲ ಎಂದು ನಿರಾಳವಾಗಿದ್ದಳು.

ಶಿವರಾತ್ರಿಯ ಹೊತ್ತಿಗೆ ರಕ್ತ ಮತ್ತೆ ಕಂಡಿತು. ಮೊದಲು ಸಣ್ಣ ಕಲೆ. ನಿಂತಿತು ಎನ್ನುವಷ್ಟರಲ್ಲಿ ಇನ್ನೂ ಹೆಚ್ಚು. ಮುಟ್ಟು ತಿರುಗಿ ಬಂತು ಎಂದೇ ಅವಳು ತಿಳಿದಳು. ಹೇಳಿದರೆ ಹೊರಗೆ ಕೂಡಬೇಕು. ಕೂತರೆ ಮರಿಗಳಿಗೆ ಹಾಲು ಕುಡಿಸುವವರು ಯಾರು? ಹಣಮಂತಪ್ಪ ಬೆಳಗಾದರೆ ಮೇವು ಹುಡುಕುತ್ತ ಹೋದವನು ಕತ್ತಲಾದ ಮೇಲೆ ಬರುತ್ತಿದ್ದ. ಅವಳು ಹೇಳಲಿಲ್ಲ. ಬಟ್ಟೆಯನ್ನು ಕದ್ದುಮುಚ್ಚಿ ಒಗೆದು, ಸೀರೆಯ ಕೆಳಗೆ ಮರೆಮಾಡಿ ಒಣಗಿಸಿ, ದಿನವೂ ದೊಡ್ಡಿಗೆ ಹೋದಳು. ಕೆಲವು ಮರಿ ಸತ್ತವು. ದನದ ಡಾಕ್ಟರು ಕರುಳುಬೇನೆ ಎಂದರು. ಹಣಮಂತಪ್ಪ ನಂಬಿದ. ಚಂದ್ರಭಾಗಾಳಿಗೆ ನಂಬಿಕೆ ಬರಲಿಲ್ಲ.

ಒಂದು ದಿನ ಕುರಿಗಳಿಗೆ ನೀರು ಕುಡಿಸುವ ದೋಣಿಯ ಹತ್ತಿರ ಕಣ್ಣು ಕತ್ತಲಿಟ್ಟು ಬಿದ್ದಳು. ಔರಾದಿಗೆ ಕರೆದೊಯ್ದಾಗ ಅಲ್ಲಿಯ ಡಾಕ್ಟರು ಕೇಳಿದ್ದಕ್ಕೆಲ್ಲ ಹಣಮಂತಪ್ಪನೇ ಉತ್ತರ ಕೊಟ್ಟ. "ಮುಟ್ಟು ಅದು ಇದು ಎಲ್ಲಾ ನಿಂತು ಬಾಳ ದಿನ ಆಯ್ತ್ರಿ." ಅವಳು ನೆಲ ನೋಡುತ್ತ ಕೂತಳು. ಸಲಾಯಿನ್ ಹಚ್ಚಿ, ರಕ್ತ ಹೆಚ್ಚಿಸುವ ಗುಳಿಗೆ ಕೊಟ್ಟು ಕಳಿಸಿದರು. ಅವರಿಗೆ ತಿಳಿದಷ್ಟಕ್ಕೆ ಅದು ಸರಿಯಾದ ಔಷಧವೇ.

ಊರಲ್ಲಿ ನೀರೂ ತೀರಿತು. ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೋಗುವುದೆಂದಾಯಿತು. ಅದಕ್ಕೂ ಮೊದಲು ನಾಲ್ಕು ದಿನ ಸುಧಾರಿಸಿಕೊಳ್ಳಲಿ ಎಂದು ಹಣಮಂತಪ್ಪ ಅವಳನ್ನು ಭಾಲ್ಕಿಯಲ್ಲಿದ್ದ ಅವಳ ಅಕ್ಕ ಸುಂದರಬಾಯಿಯ ಮನೆಗೆ ಬಿಟ್ಟು ಬಂದ.

ಸುಂದರಬಾಯಿ ಸಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳ ಕಣ್ಣು ತಪ್ಪಿಸುವುದು ಆಗುವ ಮಾತಲ್ಲ. "ಏ ಚಂದ್ರಾ, ಸೀರಿ ಬುಡಕ ಅರಬಿ ಯಾಕ ಒಣಗ್ಲಾಕ ಹಾಕಿದಿ?"

"ಮುಟ್ಟು ತಿರುಗಿ ಬಂದದ ಅಕ್ಕ. ಯಾರ ಮುಂದೂ ಹೇಳಬ್ಯಾಡ."

"ತಿರುಗಿ ಬರ್ಲಾಕ ಅದೇನು ಹೈದರಾಬಾದಿಗಿ ಹೋಗಿತ್ತೇನು?"

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಸುಂದರಬಾಯಿ ಹೊಸ್ತಿಲಿನ ಮೇಲೆ ಕೂತಳು. "ನನಗೂ ಹಿಂಗೇ ಆಗಿತ್ತು. ಗರ್ಭಚೀಲ ತಗೀಬೇಕಂದ್ರು, ತಗದ್ರು. ಒಳಗ ಏನಿತ್ತು ಅಂತ ನಾ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಈಗ ಸೊಂಟ ಹಿಡದ್ರೂ ಅಂಜಿಕಿ ಬರ್ತದ. ಆವಾಗ ಏನಿತ್ತೋ, ಇನ್ನೂ ಒಳಗ ಅದ ಏನೋ. ನೀ ಹಂಗ ಮಾಡಬ್ಯಾಡ. ಯಾಕ ಆಗ್ಯಾದ ಅಂತ ಕೇಳು."

ಅಂದಿನಿಂದ ಚಂದ್ರಭಾಗಾಳಿಗೆ ಎರಡು ಹೆದರಿಕೆಗಳಾದವು. ಒಳಗೆ ಏನೋ ಬೆಳೆದಿರಬಹುದು ಎಂಬುದು ಒಂದು. ಡಾಕ್ಟರ ಮುಂದೆ ಖರೆ ಹೇಳಿದರೆ, ರಕ್ತ ಹೋಗುತ್ತಿದ್ದಾಗಲೂ ತಾನು ದೊಡ್ಡಿಗೆ ಹೋಗಿದ್ದು ಗಂಡನಿಗೆ ಗೊತ್ತಾಗುತ್ತದೆ ಎಂಬುದು ಇನ್ನೊಂದು. ಯಾವುದು ದೊಡ್ಡದೆಂದು ತೂಗಿ ನೋಡಿದರೆ ಒಮ್ಮೆ ಇದು ಭಾರ, ಒಮ್ಮೆ ಅದು.

ಹಣಮಂತಪ್ಪ ಭಾಲ್ಕಿಗೆ ಬಂದವನೇ, "ಸೋಮವಾರ ಕುರಿ ಹೊಂಡತಾವ. ನಡಿ," ಎಂದ.

"ಮೊದಲ ಬೀದರ ದವಾಖಾನಿಗಿ ನಡೀರಿ. ಆಮ್ಯಾಲ ಬರ್ತೇನಿ."

ಬೀದರಿನ ಸರ್ಕಾರಿ ದವಾಖಾನೆಯಲ್ಲಿ ಹೆಂಗಸರ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಸರದಿ ಬಂದಾಗ ಡಾಕ್ಟರಬಾಯಿ ತಲೆಯೆತ್ತದೆ ಕೇಳಿದರು, "ಮುಟ್ಟು ನಿಂತಿದೆಯಾ?"

"ನಿಂತು ವರ್ಷದ ಮ್ಯಾಲಾಯ್ತ್ರಿ ಮೇಡಮ್," ಎಂದ ಹಣಮಂತಪ್ಪ. "ಬರೇ ಸುಸ್ತದ. ಒಂದು ತಾಕತ್ತಿನ ಸೂಜಿ ಹಾಕ್ರಿ."

ಡಾಕ್ಟರಬಾಯಿ ಚೀಟಿ ಬರೆಯತೊಡಗಿದರು. ಆ ಚೀಟಿ ಮುಗಿದರೆ ತನ್ನ ಸರದಿಯೂ ಮುಗಿಯಿತೆಂದು ಚಂದ್ರಭಾಗಾಳಿಗೆ ಗೊತ್ತಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ರಕ್ತ ಕಟ್ಟಿತ್ತು.

"ಇಲ್ರಿ ಬಾಯಿ," ಎಂದಳು. "ಹ್ವಾದ ವರ್ಷದ ಹಿಂದಿನ ಎಳ್ಳಮಾಸಿಗಿ ನಿಂತಿತ್ರಿ. ಶಿವರಾತ್ರಿಗಿ ಮತ್ತ ರಕ್ತ ಬಂದದ. ಇವತ್ತೂ ಹೋಗ್ಲಾಕತ್ಯಾದ. ಇವರಿಗಿ ಗೊತ್ತಿಲ್ಲ, ನಾ ಹೇಳಿಲ್ರಿ."

ಪೆನ್ನು ನಿಂತಿತು. ಹಣಮಂತಪ್ಪ ಗೋಡೆಯ ಕಡೆ ನೋಡತೊಡಗಿದ.

"ಒಂದು ವರ್ಷ ಪೂರ್ತಿ ನಿಂತ ಮೇಲೆ ಬರುವುದು ಮುಟ್ಟಲ್ಲಮ್ಮ," ಎಂದರು ಡಾಕ್ಟರಬಾಯಿ. "ಯಾಕೆ ಬಂತು ಅಂತ ಹುಡುಕಲೇಬೇಕು. ಎಷ್ಟೋ ಸಲ ದೊಡ್ಡದೇನೂ ಇರೋದಿಲ್ಲ. ಒಮ್ಮೊಮ್ಮೆ ಇರುತ್ತೆ. ಸ್ಕ್ಯಾನಿಂಗ್ ಮಾಡಿ, ಒಳಗಿನ ಪೊರೆಯ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ಇವತ್ತು ಗದ್ದಲ ಇದೆ, ಮುಂದಿನ ವಾರ ಬನ್ನಿ."

"ಮುಂದಿನ ವಾರ ನಾ ಕುರಿ ಸಂಗಟ ಎಲ್ಲಿರ್ತೇನೋ ನನಗೇ ಗೊತ್ತಿಲ್ರಿ. ಕೂಡ್ತೇನಿ. ಎಲ್ಲಾರದು ಆದಮ್ಯಾಲ ನೋಡ್ರಿ, ಆದ್ರ ಇವತ್ತೇ ನೋಡ್ರಿ."

ಡಾಕ್ಟರಬಾಯಿ ಅವಳನ್ನು ಸರಿಯಾಗಿ ನೋಡಿದ್ದು ಆಗ. "ಕೂತುಕೋ," ಎಂದರು.

ಮಧ್ಯಾಹ್ನ ಇಳಿದ ಮೇಲೆ ಎರಡೂ ಪರೀಕ್ಷೆ ಆದವು. ನೋವು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು, ಆದರೆ ಹೆರಿಗೆಯಷ್ಟಲ್ಲ. ಹೊರಗೆ ಬೇವಿನ ನೆರಳಲ್ಲಿ ಹಣಮಂತಪ್ಪ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ದೊಡ್ಡಿಗಿ ಹೋಗಿದ್ದಿ?"

"ಹೋಗಿದ್ದೆ."

"ದಿನಾಲು?"

"ಯಾರಿದ್ರು ಹೇಳ್ರಿ ಮತ್ತ, ಮರಿಗಿ ಕುಡಿಸ್ಲಾಕ?"

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಭಾಲ್ಕಿಯ ಬಸ್ಸಿಗೆ ಅವಳನ್ನು ಹತ್ತಿಸಿ, ತಾನು ಔರಾದಿನ ಬಸ್ಸು ಹಿಡಿದ. ಸೋಮವಾರ ಕುರಿಗಳು ಅವಳಿಲ್ಲದೆ ಹೊರಟವು.

ವರದಿಗಾಗಿ ಕಾದ ದಿನಗಳಲ್ಲಿ ಸುಂದರಬಾಯಿ ಮಾಡಿಹಾಕಿದ ರೊಟ್ಟಿಯನ್ನು ಅವಳು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಒಂದು ಸಂಜೆ ಹಣಮಂತಪ್ಪನ ಫೋನು ಬಂತು. ಹಿಂದೆ ಕುರಿಗಳ ಸದ್ದು.

"ಏನಂದ್ರು?"

"ಇನ್ನಾ ಬಂದಿಲ್ರಿ."

"ನಿನ್ನಿ ಇಲ್ಲಿ ಎರಡು ಮರಿ ಸತ್ತವು," ಎಂದ. ಆಮೇಲೆ, "ನೀ ಅಂತೂ ಈ ದೊಡ್ಡಿಗಿ ಕಾಲೇ ಇಟ್ಟಿಲ್ಲ," ಎಂದ. ಅಷ್ಟೇ. ಅವನು ಫೋನು ಇಟ್ಟ ಮೇಲೂ ಅವಳು ತನ್ನದನ್ನು ಕಿವಿಯಿಂದ ತೆಗೆಯಲಿಲ್ಲ.

ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಗರ್ಭಚೀಲದ ಒಳಪೊರೆ ದಪ್ಪವಾಗಿತ್ತು. ಹಾಗೇ ಬಿಟ್ಟರೆ ಮುಂದೆ ಕೆಡುವ ಸಂಭವವಿತ್ತು. ಅದಕ್ಕೆ ಕೊಟ್ಟ ಗುಳಿಗೆ ತಪ್ಪಿಸಬಾರದು, ಆರು ತಿಂಗಳಿಗೆ ಮತ್ತೆ ಅದೇ ಪರೀಕ್ಷೆ. ಚೀಲ ತೆಗೆಯುವ ಮಾತು ಈಗಿಲ್ಲ.

"ಮತ್ತ ಕೆಟ್ರ ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಅವಳು ಡಾಕ್ಟರಬಾಯಿಯನ್ನು ಕೇಳಿದಳು.

"ರಕ್ತ ಹೆಚ್ಚಾದರೆ ಆರು ತಿಂಗಳು ಕಾಯಬೇಡ. ಆವತ್ತೇ ಬಾ. ಬಂದು, ಮೊನ್ನೆ ಹೇಳಿದ ಹಾಗೆ ಬಾಯಿಬಿಟ್ಟು ಹೇಳು."

ತೆಲಂಗಾಣದ ಒಂದು ಹೊಲದಲ್ಲಿ ಅವಳು ಕುರಿಗಳನ್ನು ಸೇರಿದಾಗ ಹೊತ್ತು ಮುಳುಗುತ್ತಿತ್ತು. ಮುಳ್ಳಿನ ದೊಡ್ಡಿಯ ಒಳಗೆ ಮರಿಯೊಂದು ಒದರುತ್ತಿತ್ತು. ಚಂದ್ರಭಾಗಾ ಹೊರಗೇ ನಿಂತಳು.

"ಇವತ್ತೂ ಜರಾ ರಕ್ತದ ಕಲಿ ಕಂಡದ್ರಿ," ಎಂದಳು. "ಗುಳಿಗಿ ತಗೋಳಾಗ ಒಮ್ಮೊಮ್ಮೆ ಕಾಣ್ತದಂತ. ಹೇಳಿದೆ. ಇನ್ನ ಮುಂದ ಹೇಳೇ ಹೇಳ್ತೇನಿ."

ಹಣಮಂತಪ್ಪ ಒದರುವ ಮರಿಯನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಬಾಗಿ, ಬಾಗಿಲಿಗೆ ಅಡ್ಡವಿಟ್ಟಿದ್ದ ಮುಳ್ಳಿನ ಟೊಂಗೆಯನ್ನು ಒಂದು ಕಡೆ ಎಳೆದ.