ಇಂಟರ್ವಲ್ ಅಂದರೆ ವಡಾ ಅಲ್ಲ

ಮುಂಬಯಿಯಲ್ಲಿ ಮನುಷ್ಯ ಓಡುತ್ತಿದ್ದರೆ ಅದಕ್ಕೆ ಒಂದೇ ಅರ್ಥ. ಅವನ ಗಾಡಿ ಹೊರಟಿದೆ.

ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ನಾನು ಗೋರೆಗಾಂವಿನ ನಮ್ಮ ರಸ್ತೆಯಲ್ಲಿ ಓಡತೊಡಗಿದ ಮೊದಲ ಬೆಳಿಗ್ಗೆ ಹಾಲಿನ ಭಯ್ಯಾ ಸೈಕಲ್ ನಿಲ್ಲಿಸಿ, "ಸಾಬ್, ಸ್ಟೇಶನ್ ಉಧರ್ ಹೈ!" ಎಂದು ಕೂಗಿದ. ಪಾಪ, ಒಳ್ಳೆಯವನು. ಹಿಂದೆ ಕೂಡಿಸಿಕೊಂಡು ಬಿಟ್ಟು ಬರುತ್ತೇನೆ ಎಂದೂ ಹೇಳಿದ. (ನನ್ನನ್ನು ಮೇಲಿಂದ ಕೆಳಗೆ ನೋಡಿದ ಮೇಲೆ ಆ ಮಾತನ್ನು ಹಿಂದೆ ತೆಗೆದುಕೊಂಡ.)

ನನ್ನನ್ನು ಈ ಓಟಕ್ಕೆ ಹಚ್ಚಿದವರು ಹುಸೇನಸಾಬರು. ಊರು ವಿಜಾಪುರದ ಕಡೆ, ಕಸುಬು ಹೊಲಿಗೆ, ಅಂಗಡಿ ನಮ್ಮ ಬಿಲ್ಡಿಂಗಿನ ಕೆಳಗೇ. ನನ್ನ ಪ್ಯಾಂಟುಗಳ ಸೊಂಟವನ್ನು ವರ್ಷ ವರ್ಷವೂ ಬಿಚ್ಚಿ ದೊಡ್ಡದು ಮಾಡಿಕೊಟ್ಟವರು ಅವರೇ. "ರಾಯರ, ಇನ್ನ ಬಿಚ್ಚಾಕ ಅರಿವಿ ಉಳದಿಲ್ರಿ" ಎಂದು ಒಂದು ದಿನ ಕೈಚೆಲ್ಲಿದರು. ಹಾಗೆಂದವರ ಹೊಟ್ಟೆ ತಾನೇ ಮೊದಲು ಹೋಗಿ ಮಷಿನ್ನಿಗೆ ತಾಗುತ್ತಿತ್ತು ಅನ್ನಿ.

ಆದರೆ ಅವರಿಗಿದ್ದದ್ದು ಪ್ಯಾಂಟಿನ ಚಿಂತೆಯಲ್ಲ. ಸೊಸೆ ಬಸುರಿ, ಹೆರಿಗೆಗೆ ತವರಿಗೆ ಹೋಗಿದ್ದಳು. ತವರೆಂದರೆ ಪರೇಲಿನ ಒಂದು ಚಾಳಿನ ನಾಲ್ಕನೇ ಮಾಳಿಗೆ. ಲಿಫ್ಟ್ ಎಲ್ಲಿಂದ ಬರಬೇಕು? ಮಗನಿಗೆ ಹೆಣ್ಣು ನೋಡಲು ಹೋದಾಗ ಇವರು ಎರಡನೇ ಮಾಳಿಗೆಯಲ್ಲೇ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದಿದ್ದರು. ಬೀಗರಾಗುವವರು ಗಾಬರಿಯಾಗಿ ಮೇಲಿಂದ ಕುರ್ಚಿ ತಂದಿಟ್ಟರು. ಚಹಾ ಅಲ್ಲೇ, ಮಾತುಕತೆ ಅಲ್ಲೇ, ಮದುವೆ ಗೊತ್ತಾದದ್ದೂ ಅಲ್ಲೇ. ಹೊಸ್ತಿಲನ್ನೇ ತುಳಿಯದೆ ಬೀಗರಾದವರು ಇನ್ನೊಬ್ಬರಿದ್ದಾರೆಯೇ?

"ಅವತ್ತ ನಕ್ಕ ಬಿಟ್ವಿ ರಾಯರ. ಈಗ ಹಂಗಲ್ಲ. ಕೂಸು ಹುಟ್ಟಿದ ಕೂಡ್ಲೆ ಅದರ ಕಿವ್ಯಾಗ ಬಾಂಗ್ ಹೇಳಬೇಕು. ನನ್ನ ಮಗನ ಕಿವ್ಯಾಗ ನಮ್ಮಪ್ಪ ಹೇಳಿದ್ದ. ಈಗ ನನ್ನ ಪಾಳಿ. ಅಷ್ಟ ಮೆಟ್ಟಲಾ ಹತ್ತಿ, ತೇಕಕೋತ, ದೇವರ ಹೆಸರು ತುಂಡ ತುಂಡ ಮಾಡಿ ಹೇಳ್ಲೇನ್ರಿ?"

ಬಾಂಗ್ ಎಂದರೆ ನಮಾಜಿನ ಕರೆ, ಕೂಸು ಈ ಲೋಕಕ್ಕೆ ಬಂದು ಕೇಳುವ ಮೊದಲ ಮಾತು ಅದು.

ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ನಮ್ಮ ಡಾಕ್ಟರು ಮಂಗಳೂರಿನ ಕಡೆಯವರು, ಫಾರಿನ್ ಮ್ಯಾಗಝಿನ್ ತರಿಸಿ ಓದುವವರು. ನನಗೆ ಜಾಗಿಂಗ್ ಎಂಬ ಹೊಸ ಪದ ಕೊಟ್ಟರು. ಮೊಣಕಾಲು ನೋವಿನ ಹುಸೇನಸಾಬರಿಗೆ ಸೈಕಲ್. ಸೂತ್ರ ಮಾತ್ರ ಇಬ್ಬರಿಗೂ ಒಂದೇ: ಸ್ವಲ್ಪ ಹೊತ್ತು ಜೋರು, ಆಮೇಲೆ ಇಂಟರ್ವಲ್, ಮತ್ತೆ ಜೋರು, ಮತ್ತೆ ಇಂಟರ್ವಲ್.

ನಾನು ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಡುವುದು, ಅದರ ಮುಂದಿನದಕ್ಕೆ ನಡೆಯುವುದು. ಅವರು ಬಾಡಿಗೆ ಸೈಕಲ್ ಹತ್ತಿ ಪಕ್ಕದ ಆರೇ ಎಂಬ ಕಾಲೊನಿಯ ಏರುಗಳಿಗೆ ಹೋಗುವುದು. ತಿಂಗಳು ಕಳೆಯುವಷ್ಟರಲ್ಲಿ ನನ್ನ ಬೆಲ್ಟು ಒಂದು ತೂತು ಹಿಂದೆ ಬಂತು. ಅವರು ಮಾತ್ರ ಹೇಗಿದ್ದರೋ ಹಾಗೇ! ಓಟವೇ ಮೇಲು ಎಂದು ನಾನು ಬಿಲ್ಡಿಂಗಿಗೆಲ್ಲ ಸಾರಿದೆ.

ಒಂದು ಬೆಳಿಗ್ಗೆ ಅನುಮಾನ ಬಂದು ಆರೇ ಕಾಲೊನಿಗೆ ಹೋದೆ. ನೋಡುತ್ತೇನೆ, ಏರು ಮುಗಿದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದೆ. ಹ್ಯಾಂಡಲ್ಲಿಗೆ ಚೀಲ. ಹುಸೇನಸಾಬರ ಕೈಯಲ್ಲಿ ಬಟಾಟಾವಡಾ!

"ಇದೇನ್ರೀ ಹುಸೇನಸಾಬ್ರ?"

"ಇಂಟರ್ವಲ್ ರೀ! ಡಾಕ್ಟ್ರ ಹೇಳ್ಯಾರಲ್ಲ. ಇಂಟರ್ವಲ್‌ನ್ಯಾಗ ಏನೂ ತಿನ್ನದ ಯಾವತ್ತರ ಎದ್ದ ಬಂದೀರೇನ್ ನೀವು?"

ಇಲ್ಲ, ಬಂದಿಲ್ಲ. ನಾವಿಬ್ಬರೂ ಆ ಪದವನ್ನು ಕಲಿತದ್ದು ಥಿಯೇಟರಿನ ಕತ್ತಲಲ್ಲಿ. (ನಿಜ ಹೇಳಬೇಕೆಂದರೆ ಅವತ್ತು ನಾನೂ ಒಂದು ವಡಾ ತಿಂದೆ.) ಸುದ್ದಿ ಕೇಳಿ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅಲ್ಲ ಮಾರಾಯ್ರೆ, ಇಂಟರ್ವಲ್ ಅಂದ್ರೆ ಉಸಿರು ತೆಗೊಳ್ಳುದು. ವಡಾ ಅಲ್ಲ."

ಅಂದಿನಿಂದ ಆ ಚೀಲ ಕಾಣಲಿಲ್ಲ. ಮಳೆಗಾಲ ಬಂದು ನಾನು ಮುಸುಕೆಳೆದು ಮಲಗಿದಾಗಲೂ ಅವರ ಸೈಕಲ್ಲಿನ ಕಿರ್ರ್ ಕಿರ್ರ್ ನಿಲ್ಲಲಿಲ್ಲ. ಏರಿನಲ್ಲಿ ಹಲ್ಲು ಕಚ್ಚಿ ತುಳಿಯುವುದು, ಇಳಿಜಾರಿನಲ್ಲಿ ಸುಮ್ಮನೆ ಕೂತು ಉಸಿರು ತೆಗೆದುಕೊಳ್ಳುವುದು. ಅವರೇನೂ ಬಳ್ಳಿಯಂತೆ ಆಗಲಿಲ್ಲ. ಹೊಟ್ಟೆ ಬಹುಪಾಲು ಇದ್ದಲ್ಲೇ ಇತ್ತು.

ಕಳೆದ ಗುರುವಾರ ಕಿರಾಣಿ ಅಂಗಡಿಯ ಫೋನಿಗೆ ಸುದ್ದಿ ಬಂತು. ಮನೆಯಲ್ಲೇ ಹೆರಿಗೆ, ಹೆಣ್ಣು ಕೂಸು. "ನಾ ಬರೂತನಕಾ ಬಾಂಗ್ ಯಾರೂ ಹೇಳಬ್ಯಾಡ್ರಿ" ಎಂದು ಫೋನಿನಲ್ಲಿ ಇವರು ಕೂಗಿದ್ದು ಇಡೀ ರಸ್ತೆಗೆ ಕೇಳಿಸಿತು. ನಾನೂ ಆಫೀಸಿಗೆ ಚಕ್ಕರ್ ಹೊಡೆದು ಅವರೊಂದಿಗೆ ಲೋಕಲ್ ಹತ್ತಿದೆ.

ಚಾಳಿನ ಮರದ ಮೆಟ್ಟಿಲು ಬಲು ಕಡಿದು. ಎರಡನೇ ಮಾಳಿಗೆಗೆ ಬರುತ್ತೇವೆ, ಬೀಗರು ಅದೇ ಕುರ್ಚಿ ಇಟ್ಟುಕೊಂಡು ಕಾಯುತ್ತಿದ್ದಾರೆ! "ಬೈಠೋ ಭಾಯಿಸಾಬ್, ಬೈಠೋ."

ಹುಸೇನಸಾಬರು ನಿಂತರು. ಕಟಕಟೆ ಹಿಡಿದು ಕಣ್ಣು ಮುಚ್ಚಿದರು. ಇಲ್ಲಿಗೇ ಮುಗಿಯಿತೇ?

"ಇಂಟರ್ವಲ್" ಎಂದರು, ನನಗೊಬ್ಬನಿಗೇ ಕೇಳುವಂತೆ. ಆಮೇಲೆ ಕುರ್ಚಿಯ ಬೆನ್ನು ತಟ್ಟಿ, "ಇದನ್ನ ರಾಯರಿಗೆ ಕೊಡ್ರಿ" ಎಂದು ಮೇಲೆ ಹತ್ತಿಯೇಬಿಟ್ಟರು. ಓಟವೇ ಮೇಲು ಎಂದು ಸಾರಿದವನು ಆ ಕುರ್ಚಿಯಲ್ಲಿ ಕೂತೆ. ಕೂರದೆ ಗತಿಯಿರಲಿಲ್ಲ.

ನಾನು ತೇಕುತ್ತ ನಾಲ್ಕನೇ ಮಾಳಿಗೆ ಮುಟ್ಟುವ ಹೊತ್ತಿಗೆ ಕೂಸು ಅವರ ತೋಳಿನಲ್ಲಿತ್ತು. ಅವರು ಬಗ್ಗಿ ಆ ಪುಟ್ಟ ಕಿವಿಯಲ್ಲಿ ಮೆಲ್ಲಗೆ ಬಾಂಗ್ ಹೇಳುತ್ತಿದ್ದರು. ಒಂದು ಕಡೆಯೂ ದನಿ ನಡುಗಲಿಲ್ಲ, ಒಂದು ಮಾತೂ ತುಂಡಾಗಲಿಲ್ಲ. ಅಷ್ಟು ದೊಡ್ಡ ಮೈಯಿಂದ ಅಷ್ಟು ನಯವಾದ ಉಸಿರು! ನಾನು ಬಾಗಿಲಲ್ಲೇ ನಿಂತು, ನನ್ನ ಏದುಸಿರು ಕೇಳಿಸದಂತೆ ಬಾಯಿಗೆ ಕರವಸ್ತ್ರ ಹಿಡಿದೆ. ಕೂಸು ಎಲ್ಲವನ್ನೂ ಕೇಳಿ ಒಮ್ಮೆ ಆಕಳಿಸಿತು.

ಓಟ ಮೇಲೋ ಸೈಕಲ್ ಮೇಲೋ ಎಂದು ಈಗ ಬಿಲ್ಡಿಂಗಿನ ದಪ್ಪ ಹೊಟ್ಟೆಯವರೆಲ್ಲ ನನ್ನನ್ನು ಕೇಳುತ್ತಿದ್ದಾರೆ. ಅದಿರಲಿ ಸ್ವಾಮಿ, ನಿಮ್ಮ ಉಸಿರಿಗಾಗಿ ಮೇಲೆ ಯಾರ ಕಿವಿ ಕಾಯುತ್ತಿದೆ?