ಕಾಡಿನ ಗೋಪುರದಲ್ಲಿ ಕಳೆದುಹೋದ ಒಂದು ತಾಸು

1999ರ ನವೆಂಬರ್ ಒಂದರಂದು, ಬ್ರಿಟನ್ನಿನ ಗಡಿಯಾರಗಳು ಒಂದು ತಾಸು ಹಿಂದೆ ಸರಿದ ಭಾನುವಾರದ ಮರುದಿನ, ನನ್ನನ್ನು ಗೋಪುರದ ಕೆಲಸದಿಂದ ತೆಗೆದರು. ಪತ್ರದಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: ಬೇಸಿಗೆಯುದ್ದಕ್ಕೂ ಯಂತ್ರದ ಗಡಿಯಾರ ಒಂದು ತಾಸು ಮುಂದಿತ್ತು, ಅದರ ಹೊಣೆ ಅಲ್ಲಿನ ಸಹಾಯಕಿಯದು. ಆ ಸಹಾಯಕಿ ನಾನು. ಗಡಿಯಾರ ಮುಂದಿಟ್ಟವಳು ನಾನಲ್ಲ.

ಗೋಪುರ ಇದ್ದದ್ದು ಲಂಡನ್ನಿನ ಉತ್ತರದ ಅಂಚಿನಲ್ಲಿ, ಎನ್‌ಫೀಲ್ಡ್ ಕಡೆ, ಓಕ್, ಬರ್ಚ್, ಪೈನ್ ಬೆರೆತು ಬೆಳೆದ ಕಾಡಿನ ನಡುವೆ. ಮರಗಳ ತಲೆಗಿಂತ ಎತ್ತರದ ಕಬ್ಬಿಣದ ಚೌಕಟ್ಟು. ತುದಿಯಲ್ಲಿ ಎರಡು ಉಪಕರಣ. ಗಾಳಿ ಮೇಲೇರುತ್ತಿದೆಯೋ ಕೆಳಗಿಳಿಯುತ್ತಿದೆಯೋ ಎಂದು ಒಂದು ನೋಡುತ್ತಿತ್ತು. ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಇನ್ನೊಂದು. ಎರಡನ್ನೂ ಸೇರಿಸಿದರೆ ಕಾಡು ಎಷ್ಟು ಒಳಗೆಳೆದುಕೊಂಡಿತು, ಎಷ್ಟು ಹೊರಬಿಟ್ಟಿತು ಎಂಬುದು ಸಿಗುತ್ತದೆ. ಬಿಸಿಲು ಅಳೆಯುವ ಮೀಟರ್ ಬೇರೆ ಪೆಟ್ಟಿಗೆಯಲ್ಲಿತ್ತು, ಅದರ ಗಡಿಯಾರವೂ ಬೇರೆ. ವಾರಕ್ಕೆ ಎರಡು ಸಲ ಹತ್ತಿ ಗಾಜು ಒರೆಸುವುದು, ಜೇಡರ ಬಲೆ ತೆಗೆಯುವುದು, ಕಂಡದ್ದನ್ನೆಲ್ಲ ವೇಳೆ ಸಮೇತ ಬರೆಯುವುದು ನನ್ನ ಕೆಲಸ.

ಗೋಪುರಕ್ಕೆ ಒಂದು ನಿಯಮವಿತ್ತು. ಮಾರ್ಚ್‌ನಲ್ಲಿ ದೇಶವೆಲ್ಲ ಬೇಸಿಗೆಗೆಂದು ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸಿದರೂ ಯಂತ್ರಗಳು ವರ್ಷವಿಡೀ ಚಳಿಗಾಲದ ವೇಳೆಯಲ್ಲೇ ಇರಬೇಕು. ಗೊಂದಲ ಬೇಡವೆಂದು ನನ್ನ ಕೈಗಡಿಯಾರವನ್ನೂ ಹಾಗೇ ಬಿಟ್ಟಿದ್ದೆ. ಟೂಟಿಂಗ್‌ನ ಗೆಳತಿಯ ಮನೆಗೆ ಊಟಕ್ಕೆ ಒಂದು ತಾಸು ತಡವಾಗಿ ಹೋಗಿ, "ಅಕ್ಕಾರ ಗಡಿಯಾರ ಇನ್ನೂ ಸ್ವೆಟರ್ ಹಾಕ್ಕೊಂಡೈತಿ" ಎಂದು ಅನ್ನಿಸಿಕೊಂಡಿದ್ದೆ.

ನನಗೆ ಆ ಕೆಲಸ ಕೊಟ್ಟವರು ಗೋಪುರ ನಡೆಸುತ್ತಿದ್ದ ಲಂಡನ್ ಕಾಲೇಜಿನ ಯೋಜನೆಯ ಮುಖ್ಯಸ್ಥರು, ಮೈಸೂರಿನವರು. ಪರಿಚಯವಾದದ್ದು ಅವರ ಮನೆಯ ಯುಗಾದಿ ಊಟದಲ್ಲಿ. ಹುಬ್ಬಳ್ಳಿಯ ಪತ್ರಿಕೆಯಲ್ಲಿದ್ದವಳು ಇಲ್ಫರ್ಡ್‌ನಲ್ಲಿ ಸುಮ್ಮನೆ ಕೂತಿದ್ದಾಳೆ ಎಂದು ಕೇಳಿ, "ನೋಡಿದ್ದನ್ನ ಬರೆಯೋಕೆ ಬರುತ್ತಲ್ಲ, ಸಾಕು" ಎಂದಿದ್ದರು. ಅದು ಉಪಕಾರ. ಅದನ್ನೂ ಇಲ್ಲಿ ದಾಖಲಿಸಿದ್ದೇನೆ.

ಏಪ್ರಿಲ್‌ನ ಒಂದು ಶುಕ್ರವಾರ ಹೋಗಿ ನೋಡಿದರೆ ಯಂತ್ರದ ವೇಳೆ ನನ್ನ ಕೈಗಡಿಯಾರಕ್ಕಿಂತ ಒಂದು ತಾಸು ಮುಂದಿತ್ತು. ಅವರಿಗೆ ಫೋನ್ ಮಾಡಿದೆ.

"ಸರ್, ಮಷಿನ್ ಒಂದು ತಾಸು ಮುಂದ ಐತ್ರೀ."

"ಮುಂದೆ ಅಲ್ಲಮ್ಮಾ, ಈಗ ಸರಿಯಾಗಿದೆ. ನಿನ್ನೆ ಹೋಗಿದ್ದೆ. ನೀವು ಹಳೇ ಟೈಮಲ್ಲೇ ಬಿಟ್ಟಿದ್ರಿ. ನಾನೇ ಲ್ಯಾಪ್‌ಟಾಪ್ ಹಾಕಿ ಸರಿ ಮಾಡಿದೆ."

"ಬ್ಯಾಸಗಿ ಟೈಮ್ ಹಾಕಬಾರದಲ್ರೀ. ನಿಯಮ ನೀವ ಬರದದ್ದು."

"ನಿಮ್ಮ ಹುಬ್ಬಳ್ಳಿ ಕಡೆಯವರು ವಾದಕ್ಕೆ ಗಟ್ಟಿ ಬಿಡಿ. ಮುಟ್ಟಬೇಡಿ. ಹಾಗೇ ಇರಲಿ."

ಮುಟ್ಟಲಿಲ್ಲ. ಗೋಪುರದ ಬುಡದ ಶೆಡ್ಡಿನಲ್ಲಿದ್ದ ಪುಸ್ತಕದಲ್ಲಿ, ಗಡಿಯಾರ ಯಾರು ಮುಂದಿಟ್ಟರೆಂದು ಇಂಗ್ಲಿಷಿನಲ್ಲಿ ಬರೆದೆ. ನನ್ನ ನೋಟ್‌ಬುಕ್ಕಿನಲ್ಲಿ ಅದನ್ನೇ ಕನ್ನಡದಲ್ಲಿ ಬರೆದೆ. ಎರಡು ಪ್ರತಿ ಇಟ್ಟುಕೊಳ್ಳುವುದು ಪತ್ರಿಕೆಯಲ್ಲಿ ಕಲಿತ ಅಭ್ಯಾಸ.

ಜುಲೈ ಹೊತ್ತಿಗೆ ಗ್ರಾಫ್‌ಗಳು ವಿಚಿತ್ರವಾಗಿದ್ದವು. ಬೆಳಿಗ್ಗೆ ಬಿಸಿಲು ಬಂದು ಒಂದು ತಾಸಾದ ಮೇಲೆ ಕಾಡು ಎಚ್ಚರವಾಗುತ್ತಿತ್ತು. ಸಂಜೆ ಬೆಳಕು ಹೋದ ಮೇಲೂ ಒಂದು ತಾಸು ಇಂಗಾಲ ಹೀರುತ್ತಿತ್ತು. ಮಿಶ್ರ ಕಾಡಿನ ವಿಶೇಷ ಗುಣ ಸಿಕ್ಕಿತೆಂದು ಅವರು ನಂಬಿದರು. ಪೈನ್ ಮತ್ತು ಓಕ್ ಒಂದನ್ನೊಂದು ಕಾಯುತ್ತವೆ ಎಂದು ಭಾಷಣ ಮಾಡಿದರು. ಆ ಕೋಣೆಯಲ್ಲೇ ಎದ್ದುನಿಂತು ಗಡಿಯಾರದ ಮಾತೆತ್ತಿದೆ. "ವಿಜ್ಞಾನ ನಮಗೆ ಬಿಡಿ, ನೀವು ಗಾಜು ಒರೆಸಿ" ಎಂದು ಕನ್ನಡದಲ್ಲಿ ಹೇಳಿ, ಉಳಿದವರಿಗೆ ಇಂಗ್ಲಿಷಿನಲ್ಲಿ ಅದರ ಅರ್ಥವನ್ನೂ ಹೇಳಿದರು. ಜನ ನಕ್ಕರು. ಮತ್ತೆ ನಾನು ಆ ಮಾತೆತ್ತಲಿಲ್ಲ.

ಅಕ್ಟೋಬರ್‌ನಲ್ಲಿ ಬೇರೆ ಕಾಲೇಜಿನ ಹಿರಿಯ ವಿಜ್ಞಾನಿಯೊಬ್ಬರು ಗ್ರಾಫ್ ನೋಡಿ, ಕತ್ತಲಲ್ಲಿ ಎಲೆ ಏನು ಕೆಲಸ ಮಾಡುತ್ತದೆ ಎಂದು ಕೇಳಿದರು. ಎರಡು ವಾರಕ್ಕೆ ನನ್ನ ಕೈಗೆ ಪತ್ರ ಬಂತು. ಶೆಡ್ಡಿನ ಪುಸ್ತಕದಲ್ಲಿ ಏಪ್ರಿಲ್‌ನ ಆ ಹಾಳೆ ಇರಲಿಲ್ಲ.

ಗಂಡ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಪತ್ರ ಓದಿದ. "ಬಿಟ್ಟಬಿಡ. ಅವರ ಮನ್ಯಾಗ ಉಂಡೇವಿ."

"ಉಂಡದ್ದು ಹೋಳಿಗಿ. ಈ ಸುಳ್ಳು ಉಣ್ಣಂಗಿಲ್ಲ."

"ಹಂಗಾರ ನೋಟ್‌ಬುಕ್ ತಗೊಂಡು ನಾಳೆನ ಹೋಗು."

ಹೋಗಲಿಲ್ಲ. ನೋಟ್‌ಬುಕ್ ನನ್ನದು, ಭಾಷೆ ನನ್ನದು, ನಾನೇ ಆಮೇಲೆ ಬರೆದೆ ಎಂದುಬಿಡುತ್ತಾರೆ. ನ್ಯಾಯಕ್ಕಾಗಿ ಕಾದೆ ಎಂದರೆ ಅರ್ಧ ನಿಜ. ಆ ತಪ್ಪಿನ ಪಕ್ಕ ನನ್ನ ಹೆಸರು ಹೋಗಿ ಅವರ ಹೆಸರು ಬರಬೇಕಿತ್ತು, ಅದೂ ಅವರ ಕೈಯಿಂದಲೇ.

ಮೊದಲು ಕಾಡಿನ ಕಾವಲುಗಾರನ ಬಳಿ ಹೋದೆ. ಗೋಪುರದ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು, ಒಯ್ದವರು ರಿಜಿಸ್ಟರಿನಲ್ಲಿ ಸಹಿ ಮಾಡಬೇಕಿತ್ತು. ಆ ಶುಕ್ರವಾರದ ಹಿಂದಿನ ದಿನ ಒಂದೇ ಸಹಿ ಇತ್ತು. ನನ್ನದಲ್ಲ. ಫೋಟೋಕಾಪಿ ಮಾಡಿಸಿಕೊಂಡೆ. ಯಂತ್ರದ ಆ ದಿನದ ದಾಖಲೆ ನನ್ನ ಹತ್ತಿರ ಫ್ಲಾಪಿಯಲ್ಲಿತ್ತು. ಗಡಿಯಾರ ಮುಂದಿಟ್ಟರೆ ನಡುವಿನ ತಾಸು ದಾಖಲೆಯಲ್ಲಿ ಇರುವುದಿಲ್ಲ. ಗುರುವಾರ ಮಧ್ಯಾಹ್ನ ಒಂದು ತಾಸು ಇರಲಿಲ್ಲ.

ಆಮೇಲೆ ಅವರಿಗೆ ವಿನಯದ ಪತ್ರ ಬರೆದೆ. ತಪ್ಪು ನನ್ನದೇ ಇರಬಹುದು, ತಿಳಿದುಕೊಳ್ಳಬೇಕು, ಆ ಗುರುವಾರ ತಾವು ಕಾಡಿಗೆ ಹೋಗಿದ್ದಿರಾ ಎಂದು ಕೇಳಿದೆ. 'ತಪ್ಪು ನನ್ನದೇ ಇರಬಹುದು' ಎಂಬುದನ್ನು ಲೆಕ್ಕ ಹಾಕಿಯೇ ಬರೆದಿದ್ದೆ. ಉತ್ತರ ವಾರದೊಳಗೆ ಬಂತು, ಸಹಿ ಸಮೇತ: ಆ ಇಡೀ ತಿಂಗಳು ತಾವು ಗೋಪುರದ ಬಳಿ ಸುಳಿದಿಲ್ಲ.

ರಿಜಿಸ್ಟರಿನ ಪುಟ, ಇಲ್ಲದ ತಾಸಿನ ದಾಖಲೆ, ಅವರ ಪತ್ರ: ಮೂರೂ ಪ್ರತಿಗಳನ್ನು ಕಾಲೇಜಿನ ವಿಚಾರಣಾ ಸಮಿತಿಗೆ ಕೊಟ್ಟೆ. ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಸಭೆಯಲ್ಲಿ ಅವರ ಎದುರು ಕೂತಿದ್ದೆ. ಅವರು ತಮ್ಮದೇ ಪತ್ರವನ್ನು ಎರಡು ಸಲ ಓದಿ, ಕನ್ನಡದಲ್ಲಿ ನನಗೊಬ್ಬಳಿಗೇ ಕೇಳುವಂತೆ, "ಹೀಗೆ ಮಾಡಬಾರದಿತ್ತಮ್ಮಾ" ಎಂದರು.

"ಗಾಜು ಒರಸಿದೆ ಸರ್" ಎಂದೆ.

2000ದ ವಸಂತದಲ್ಲಿ ನನ್ನನ್ನು ಮತ್ತೆ ಕೆಲಸಕ್ಕೆ ಕರೆದರು. ಯೋಜನೆ ಬೇರೆಯವರ ಕೈಗೆ ಹೋಯಿತು. ಆ ಬೇಸಿಗೆಯ ಅಂಕಿಗಳನ್ನು ಒಂದು ತಾಸು ಹಿಂದಿಟ್ಟು ತಿದ್ದುವ ಕೆಲಸ, ಏಕೆ ತಿದ್ದಿದೆವೆಂಬ ಟಿಪ್ಪಣಿ ಬರೆಯುವ ಕೆಲಸ ನನಗೇ ಬಂತು. ಗಡಿಯಾರ ಬದಲಿಸಿದವರು ಯಾರು, ಯಾವ ದಿನ, ಎಷ್ಟು ಗಂಟೆಗೆ ಎಂದು ಪೂರ್ಣ ಹೆಸರು ಹಾಕಿ ಬರೆದೆ. 'ಮುಖ್ಯಸ್ಥರು' ಎಂದರೆ ಸಾಲದೇ ಎಂದು ಹೊಸ ಮುಖ್ಯಸ್ಥರು ಕೇಳಿದರು. ಸಾಲದು ಎಂದೆ.

ಗೋಪುರವನ್ನು 2007ರಲ್ಲಿ ಬಿಚ್ಚಿದರು. ಅಂಕಿಗಳು ಕಾಲೇಜಿನ ವೆಬ್‌ಸೈಟಿನಲ್ಲಿವೆ. ಯಾರು ಇಳಿಸಿಕೊಂಡರೂ ಮೊದಲ ಪುಟ ಆ ಟಿಪ್ಪಣಿ. ಹೆಸರು ತೆಗೆಯಬೇಕೆಂದು ಅವರು ಎರಡು ಸಲ ಪತ್ರ ಬರೆದಿದ್ದಾರೆ. ಎರಡೂ ಪತ್ರಗಳು ನನ್ನ ಫೈಲಿನಲ್ಲಿವೆ. ಹೆಸರು ತೆಗೆದಿಲ್ಲ.